ಆಟದ ಯುದ್ಧ

ಯುದ್ಧದ ಸಿನಿಮಾ ತೆಗೆಯಲು ಹೊರಟವರಿಗೆ ನಟರು ಸಿಗುತ್ತಾರೆ, ಸಿಪಾಯಿಗಳ ದಿರಿಸನ್ನು ದರ್ಜಿಯಿಂದ ಹೊಲಿಸಿಕೊಳ್ಳಬಹುದು. ಸಿಗದೆ ಹೋಗುವುದು ಯುದ್ಧದ ಸಾಮಾನು. 1940ರ ಜುಲೈಯಿಂದ ಅಕ್ಟೋಬರ್‌ವರೆಗೆ ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನರಿಗೂ ಬ್ರಿಟಿಷರಿಗೂ ನಡೆದ ವಿಮಾನ ಕಾಳಗವನ್ನು ತೆರೆಗೆ ತರಬೇಕೆಂದು ನಿರ್ಮಾಪಕ ಹ್ಯಾರಿ ಸಾಲ್ಟ್ಸ್‌ಮನ್ ಮತ್ತು ನಿರ್ದೇಶಕ ಗೈ ಹ್ಯಾಮಿಲ್ಟನ್ ಹೊರಟಾಗ ಆ ಕಾಳಗ ಮುಗಿದು ಮೂವತ್ತು ವರ್ಷವೂ ಆಗಿರಲಿಲ್ಲ. ಅಷ್ಟರಲ್ಲೇ ವಿಮಾನಗಳು ಕಾಣೆಯಾಗಿದ್ದವು. ಆ ದೇಶದ ಹೆಮ್ಮೆಯ ಸ್ಪಿಟ್‌ಫೈರ್ ವಿಮಾನ ಇಪ್ಪತ್ತು ಸಾವಿರಕ್ಕೂ ಹೆಚ್ಚು ತಯಾರಾಗಿತ್ತು. ಅವುಗಳಲ್ಲಿ ಹಾರಬಲ್ಲವು ಒಂದು ಡಜನ್ ಸಿಕ್ಕರೆ ಸಾಕೆಂದು ಹ್ಯಾಮಿಷ್ ಮಹ್ಯಾಡಿ ಎಂಬ ನಿವೃತ್ತ ವಾಯುಪಡೆ ಅಧಿಕಾರಿ ಊರೂರು ಅಲೆಯಬೇಕಾಯಿತು. ಹರಿಕೇನ್ ಎಂಬ ಇನ್ನೊಂದು ಜಾತಿಯದು ಹಾರುವ ಸ್ಥಿತಿಯಲ್ಲಿ ಸಿಕ್ಕಿದ್ದು ಮೂರೇ.

ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಅಜ್ಜಿಯ ಕಾಲದ ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ ಎಲ್ಲವನ್ನೂ ಸ್ಟೀಲಿನ ಆಸೆಗೆ ತೂಕದ ಮೇಲೆ ಮಾರಿ, ಈಗ ಹಳೆಯ ಸಾಮಾನಿನ ಅಂಗಡಿಯಲ್ಲಿ ಅವನ್ನೇ ನಾಲ್ಕು ಪಟ್ಟು ಬೆಲೆ ಕೊಟ್ಟು ತಂದು ಹಾಲ್‌ನ ಮೂಲೆಯಲ್ಲಿ ಇಡುತ್ತಿಲ್ಲವೇ? ದೇಶಗಳೂ ಹಾಗೇ ಮಾಡುತ್ತವೆ. ಗೆದ್ದ ವಿಮಾನಗಳನ್ನು ಗುಜರಿಗೆ ಹಾಕಿದರು, ಆಮೇಲೆ ಅದೇ ಬೇಕೆಂದು ಹುಡುಕಿದರು.

ಶತ್ರುವಿನ ವಿಮಾನಗಳು ಸಿಕ್ಕಿದ್ದು ಸ್ಪೇನ್ ದೇಶದಲ್ಲಿ. ಜರ್ಮನಿಯ ಮೆಸರ್‌ಸ್ಮಿಟ್ ಮತ್ತು ಹೈಂಕೆಲ್ ವಿಮಾನಗಳನ್ನು ಸ್ಪೇನಿನವರು ಪರವಾನಗಿ ಪಡೆದು ತಾವೇ ತಯಾರಿಸಿ ಇಟ್ಟುಕೊಂಡಿದ್ದರು. ಅವು ಆಗಲೂ ಹಾರುತ್ತಿದ್ದವು. ಆದರೆ ಜರ್ಮನಿ ಸೋತ ಮೇಲೆ ಅಲ್ಲಿಂದ ಎಂಜಿನ್ ಬರುವುದು ನಿಂತುಹೋಗಿತ್ತು. ಅದಕ್ಕೆ ಸ್ಪೇನಿನವರು ಬ್ರಿಟನ್ನಿನ ರೋಲ್ಸ್‌ರಾಯ್ಸ್ ಕಂಪನಿಯ ಮರ್ಲಿನ್ ಎಂಜಿನ್ ಕೊಂಡು ಕೂಡಿಸಿದ್ದರು. ಸ್ಪಿಟ್‌ಫೈರ್ ಮತ್ತು ಹರಿಕೇನ್‌ಗಳ ಎದೆಯಲ್ಲಿ ಇದ್ದದ್ದೂ ಅದೇ ಮರ್ಲಿನ್. ಹೀಗಾಗಿ ಸಿನಿಮಾದ ಆಕಾಶದಲ್ಲಿ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಎರಡು ಪಕ್ಷಗಳ ವಿಮಾನಗಳಲ್ಲೂ ಮೊರೆಯುತ್ತಿರುವುದು ಒಂದೇ ಎಂಜಿನ್. ಒಬ್ಬನೇ ಭಾಗವತ ರಾಮನಿಗೂ ರಾವಣನಿಗೂ ಪದ ಹೇಳಿದ ಹಾಗೆ.

ಮರ್ಲಿನ್ ಮಾತು ಬಂದಾಗ ಒಬ್ಬ ಹೆಣ್ಣುಮಗಳ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ನಿಜವಾದ ಯುದ್ಧದಲ್ಲಿ ಆ ಎಂಜಿನ್‌ಗೆ ಒಂದು ಕುಂದಿತ್ತು. ಪೈಲಟ್ ಥಟ್ಟನೆ ಮೂತಿ ಕೆಳಗೆ ಮಾಡಿ ಧುಮುಕಿದರೆ ಎಂಜಿನ್ ಬಿಕ್ಕಳಿಸಿ ಒಂದು ಗಳಿಗೆ ನಿಲ್ಲುತ್ತಿತ್ತು. ಜರ್ಮನರ ಎಂಜಿನ್‌ಗೆ ಈ ಕಾಯಿಲೆ ಇರಲಿಲ್ಲವಾದ್ದರಿಂದ ಅವರು ಧುಮುಕಿ ಪಾರಾಗುತ್ತಿದ್ದರು. 1941ರಲ್ಲಿ ಬಿಯಾಟ್ರಿಸ್ ಶಿಲಿಂಗ್ ಎಂಬ ಇಂಜಿನಿಯರ್, ಇಂಧನ ಹೋಗುವ ದಾರಿಯಲ್ಲಿ ನಡುವೆ ತೂತಿರುವ ಒಂದು ಪುಟ್ಟ ಲೋಹದ ಬಿಲ್ಲೆ ಕೂಡಿಸಿ ಆ ಬಿಕ್ಕಳಿಕೆಯನ್ನು ಹತೋಟಿಗೆ ತಂದಳು. ಸಿನಿಮಾದ ಕಥೆ 1940ರಲ್ಲೇ ಮುಗಿಯುತ್ತದೆ. ಹಾಗಾಗಿ ಅವಳಿಗೆ ಅದರಲ್ಲಿ ಜಾಗವಿಲ್ಲ.

ಇನ್ನು ಚಿತ್ರೀಕರಣದ ಮಾತು. ನೆಲದ ಮೇಲೆ ನಿಂತು ವಿಮಾನದ ಕಾಳಗ ತೆಗೆದರೆ ಚುಕ್ಕೆಗಳು ಓಡಾಡಿದಂತೆ ಕಾಣುತ್ತದೆ. ಅದಕ್ಕಾಗಿ ಕ್ಯಾಮೆರಾ ಹೊತ್ತ ಇನ್ನೊಂದು ವಿಮಾನ ಅವುಗಳ ನಡುವೆಯೇ ಹಾರಬೇಕು. ಈ ಸಿನಿಮಾಕ್ಕೆ ಬಿ-25 ಎಂಬ ಅಮೆರಿಕದ ಹಳೆಯ ಬಾಂಬರ್ ಒಂದನ್ನು ತಂದು, ಮೂತಿ ಬಾಲಗಳಲ್ಲಿ ಕ್ಯಾಮೆರಾ ಕೂಡಿಸಿ, ಮೈತುಂಬ ಗಾಢ ಬಣ್ಣ ಬಳಿದರು. ಸುತ್ತ ಸುಳಿಯುವ ಪೈಲಟ್‌ಗಳಿಗೆ ಅದು ದೂರದಿಂದಲೇ ಕಣ್ಣಿಗೆ ಹೊಡೆಯಬೇಕು, ಯಾರೂ ಬಂದು ಢಿಕ್ಕಿ ಹೊಡೆಯಬಾರದು ಎಂದು ಆ ವೇಷ. ತೇರಿನ ಹಾಗೆ ಕಾಣುತ್ತಿದ್ದ ಅದಕ್ಕೆ ಹುಚ್ಚುಬಣ್ಣದ ರಾಕ್ಷಸ ಎಂಬರ್ಥದ ಅಡ್ಡಹೆಸರೂ ಬಿತ್ತು. ತೆರೆಯ ಮೇಲೆ ಮಾತ್ರ ಅದು ಎಲ್ಲೂ ಕಾಣುವುದಿಲ್ಲ. ನಾವು ನೋಡುವ ಆಕಾಶವೆಲ್ಲ ಅದರ ಕಣ್ಣಿನದು.

ಮೋಡದ ಕಥೆಯಂತೂ ನನಗೆ ಬಲು ಹಿಡಿಸಿತು. ಮೋಡವಿಲ್ಲದ ಬರಿಯ ನೀಲಿಯಲ್ಲಿ ವಿಮಾನ ಎಷ್ಟು ವೇಗವಾಗಿ ಹೋದರೂ ನಿಂತಂತೆಯೇ ಕಾಣುತ್ತದಂತೆ. ಹಿಂದೆ ಏನಾದರೂ ಸರಿದರೆ ತಾನೇ ಮುಂದಿನದು ಓಡಿದ್ದು ತಿಳಿಯುವುದು! 1920ರ ದಶಕದ ಕೊನೆಗೆ ಅಮೆರಿಕದಲ್ಲಿ ಹೋವರ್ಡ್ ಹ್ಯೂಸ್ ಎಂಬ ಶ್ರೀಮಂತ ಯುವಕ 'ಹೆಲ್ಸ್ ಏಂಜಲ್ಸ್' ಸಿನಿಮಾಕ್ಕೆ ಮೊದಲನೆಯ ಮಹಾಯುದ್ಧದ ವಿಮಾನಗಳನ್ನು ಕಲೆಹಾಕಿ, ಸರಿಯಾದ ಮೋಡ ಬರಲೆಂದು ಕಾದ, ಮೋಡ ಇರುವ ಊರಿಗೆ ಇಡೀ ಪಡೆಯನ್ನೇ ಹೊತ್ತೊಯ್ದ. ನಾವು ಹಪ್ಪಳ ಒಣಹಾಕಿ ಬಿಸಿಲಿಗೆ ಕಾಯುವವರು, ಅವನು ಮೋಡಕ್ಕೆ ಕಾದ.

ನಾನು 'ಬ್ಯಾಟಲ್ ಆಫ್ ಬ್ರಿಟನ್' ನೋಡಿದ್ದು ಅದು ಬಂದು ಎಷ್ಟೋ ವರ್ಷಗಳ ಮೇಲೆ, ಮನೆಯ ಟಿವಿಯಲ್ಲಿ, ಮಗ ತಂದ ಸಿ.ಡಿ.ಯಲ್ಲಿ. ನಮ್ಮತ್ತೆ ಆಗ ಇನ್ನೂ ಇದ್ದರು. ಅವರಿಗೆ ಇಂಗ್ಲಿಷ್ ಬಾರದು, ಮಧ್ಯಾಹ್ನ ನಿದ್ದೆಯೂ ಬಾರದು. ಹೂಬತ್ತಿ ಹೊಸೆಯುತ್ತ ನಮ್ಮ ಜೊತೆ ಕೂತಿದ್ದರು. ಒಂದು ವಿಮಾನ ಹೊಗೆ ಕಾರುತ್ತ ಸಮುದ್ರಕ್ಕೆ ಬಿದ್ದಾಗ ಕೈಯ ಬತ್ತಿ ಹಾಗೇ ಹಿಡಿದು ಕೇಳಿದರು: "ಇವ ನಿಜವಾಗಿ ಬಿದ್ದನೇನೇ?"

"ಇಲ್ಲ ಅತ್ತೆ, ಸಿನಿಮಾ ಅದು. ಬೀಳುವುದೆಲ್ಲ ಆಟಿಗೆಯ ವಿಮಾನ," ಎಂದೆ.

"ಹಾರುವುದು?"

"ಹಾರುವುದು ನಿಜದ್ದು."

"ಅದರೊಳಗೆ ಕೂತವ?"

"ಅವನೂ ನಿಜದವನೇ."

"ಹಾಗಾದರೆ ಅರ್ಧ ನಿಜವಾಯಿತಲ್ಲ," ಎಂದು ಮತ್ತೆ ಬತ್ತಿ ಹೊಸೆಯತೊಡಗಿದರು. ಈ ಅರ್ಧ ನಿಜ ಎಂಬ ಮಾತು ನನ್ನ ತಲೆಯಲ್ಲಿ ಅಂದಿನಿಂದ ಕೂತಿದೆ.

ಅತ್ತೆ ನೋಡಿ ಬೆಳೆದ ಯುದ್ಧಗಳೆಲ್ಲ ಯಕ್ಷಗಾನದವು. ನಮ್ಮ ಶಿರಸಿ ಸೀಮೆಯಲ್ಲಿ ಅದನ್ನು ಆಟ ಎಂದೇ ಕರೆಯುವುದು. ಪ್ರಸಂಗದ ಹೆಸರಿನಲ್ಲೇ ಕಾಳಗ ಇರುತ್ತದೆ. ಅಭಿಮನ್ಯು ಕಾಳಗ ನೋಡಿ ಅಳದ ಹೆಂಗಸರನ್ನು ನಾನು ಕಂಡಿಲ್ಲ. ಅಲ್ಲಿ ರಥವಿಲ್ಲ, ಕುದುರೆಯಿಲ್ಲ. ಕೈಯಲ್ಲಿ ಮರದ ಬಿಲ್ಲು, ಹಿಂದೆ ಚಂಡೆ, ನಾಲ್ಕು ಸುತ್ತು ಕುಣಿತ. ತಾಳಮದ್ದಳೆಯಾದರೆ ಅದೂ ಇಲ್ಲ. ಪಂಚೆ ಉಟ್ಟು ಚಾಪೆಯ ಮೇಲೆ ಕೂತ ಇಬ್ಬರು ಮಾತಿನಲ್ಲೇ ಕುರುಕ್ಷೇತ್ರ ಮುಗಿಸುತ್ತಾರೆ. ಸತ್ತ ಅಭಿಮನ್ಯು ಚೌಕಿಗೆ ಹೋಗಿ ಚಹಾ ಕುಡಿಯುತ್ತಾನೆಂದು ಅಳುವ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅಳುತ್ತಾರೆ. "ಆ ಬಾಣ ನಿಜದ್ದಲ್ಲ, ನನ್ನ ದುಡ್ಡು ವಾಪಸು ಕೊಡಿ" ಎಂದು ಯಾರೂ ಜಗಳ ತೆಗೆದದ್ದಿಲ್ಲ.

ಸಿನಿಮಾ ನಮಗೆ ಬೇರೆ ರುಚಿ ಹತ್ತಿಸಿತು. ಅಲ್ಲಿ ನಮಗೆ ಅಸಲಿ ಬೇಕು. ಕ್ಯಾಮೆರಾ ಮಹಾ ಹೊಟ್ಟೆಬಾಕ, ಮರದ ಬಿಲ್ಲು ಹಾಕಿದರೆ ಉಗಿಯುತ್ತದೆ. ಆಮೇಲೆ ಆ ರುಚಿ ನಮ್ಮದೇ ಆಗಿಬಿಡುತ್ತದೆ. ರೇಷ್ಮೆಯ ಅಂಚನ್ನು ಉಗುರಿನಲ್ಲಿ ಕೆರೆದು ಜರಿ ಅಸಲಿಯೋ ನಕಲಿಯೋ ನೋಡುವ ಹಾಗೆ ದೃಶ್ಯವನ್ನೂ ಕೆರೆದು ನೋಡುತ್ತೇವೆ. ಇದು ನಿಜವಾಗಿ ಹಾರಿ ತೆಗೆದದ್ದಂತೆ, ಡ್ಯೂಪ್ ಇಲ್ಲವಂತೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಹೋಗುತ್ತೇವೆ. ಈ "ಅಂತೆ"ಗೆ ಬೆಲೆಯಿದೆ, ಅದನ್ನು ನಾವು ಕೊಡುವುದಿಲ್ಲ.

ಆ ಸಿನಿಮಾದ ಆಕಾಶದ ದೃಶ್ಯಗಳನ್ನು ತೆಗೆದವರಲ್ಲಿ ಮುಖ್ಯರು ಇಬ್ಬರು, ಸ್ಕೀಟ್ಸ್ ಕೆಲ್ಲಿ ಮತ್ತು ಜಾನ್ ಜೋರ್ಡನ್. ಜೋರ್ಡನ್ 1966ರಲ್ಲಿ ಜಪಾನಿನಲ್ಲಿ ಒಂದು ಜೇಮ್ಸ್ ಬಾಂಡ್ ಸಿನಿಮಾಕ್ಕೆ ಹೆಲಿಕಾಪ್ಟರಿನಿಂದ ಚಿತ್ರ ತೆಗೆಯುತ್ತಿದ್ದಾಗ ಇನ್ನೊಂದು ಹೆಲಿಕಾಪ್ಟರಿನ ರೆಕ್ಕೆ ಬಡಿದು ಒಂದು ಪಾದ ಕಳೆದುಕೊಂಡಿದ್ದ. ಆದರೂ ಹಾರುವುದು ಬಿಡಲಿಲ್ಲ. 'ಬ್ಯಾಟಲ್ ಆಫ್ ಬ್ರಿಟನ್' ಮುಗಿಸಿ 1969ರಲ್ಲಿ 'ಕ್ಯಾಚ್-22' ಎಂಬ ಸಿನಿಮಾಕ್ಕೆ ಮೆಕ್ಸಿಕೋಗೆ ಹೋದ. ಅಲ್ಲಿ ಹಳೆಯ ಬಿ-25 ಬಾಂಬರ್‌ಗಳನ್ನು ಹದಿನೆಂಟರಷ್ಟು ಕೂಡಿಸಿದ್ದರು. ಅವುಗಳ ಚಿತ್ರ ತೆಗೆಯುತ್ತಿದ್ದಾಗ ಜೋರ್ಡನ್ ಕ್ಯಾಮೆರಾ ವಿಮಾನದಿಂದ ಬಿದ್ದು ಸತ್ತ. 'ಕ್ಯಾಚ್-22' ಎಂಥ ಕಥೆ ಬಲ್ಲಿರಾ? ಯುದ್ಧದ ಹುಚ್ಚಾಟದಲ್ಲಿ ಯಾರದೋ ಹಟಕ್ಕೆ ಹುಡುಗರು ಯಾಕೆ ಸಾಯಬೇಕು ಎಂದು ಕೇಳುವ ಕಾದಂಬರಿ ಅದು. ಮುಂದಿನ ವರ್ಷ, 1970ರ ಆಗಸ್ಟಿನಲ್ಲಿ, ಐರ್ಲೆಂಡಿನಲ್ಲಿ 'ಜೆಪ್ಪೆಲಿನ್' ಎಂಬ ಇನ್ನೊಂದು ಯುದ್ಧ ಸಿನಿಮಾಕ್ಕೆ ಹಾರುತ್ತಿದ್ದ ಹಳೆಯ ಮಾದರಿಯ ವಿಮಾನವೊಂದು ಕ್ಯಾಮೆರಾ ಇದ್ದ ಹೆಲಿಕಾಪ್ಟರಿಗೆ ಬಡಿಯಿತು. ಸತ್ತವರಲ್ಲಿ ಕೆಲ್ಲಿಯೂ ಒಬ್ಬ. ಟಿವಿಯಲ್ಲಿ ನಾವು ಬಾಯಿ ಬಿಟ್ಟುಕೊಂಡು ನೋಡಿದ ಆ ಆಕಾಶವನ್ನು ಕಂಡಿದ್ದ ನಾಲ್ಕು ಕಣ್ಣುಗಳು, ಸಿನಿಮಾ ತೆರೆಗೆ ಬಂದು ವರ್ಷ ತುಂಬುವುದರೊಳಗೆ ಮುಚ್ಚಿಹೋಗಿದ್ದವು.

ಹ್ಯೂಸ್‌ನ ಸಿನಿಮಾದಲ್ಲಿ ಸತ್ತವರ ಪೈಕಿ ಫಿಲ್ ಜೋನ್ಸ್ ಎಂಬ ಮೆಕ್ಯಾನಿಕ್‌ನ ನೆನಪು ನನ್ನನ್ನು ಬಿಡುವುದಿಲ್ಲ. ದೊಡ್ಡ ಬಾಂಬರ್ ಒಂದು ಉರಿದು ಸುತ್ತುತ್ತ ಬೀಳುವಂತೆ ತೋರಿಸಬೇಕಿತ್ತು. ವಿಮಾನದ ಹೊಟ್ಟೆಯೊಳಗೆ ಕೂತು ಹೊಗೆ ಬಿಡುವುದು ಅವನ ಕೆಲಸ. ವಿಮಾನ ನಿಜವಾಗಿಯೇ ಹತೋಟಿ ತಪ್ಪಿದಾಗ ಪೈಲಟ್ ಪ್ಯಾರಾಶೂಟಿನಲ್ಲಿ ಹಾರಿಕೊಂಡು ಬದುಕಿದ, ಒಳಗಿದ್ದವನು ಹೊರಬರಲಿಲ್ಲ. ಆಗಸದಲ್ಲಿ ಹೊಗೆ ಕಂಡು ಆಹಾ ಎಂದವರಿಗೆ, ಅದನ್ನು ಎಬ್ಬಿಸಲು ಒಬ್ಬ ಮನುಷ್ಯ ಒಳಗೆ ಕೂತಿರುತ್ತಾನೆ ಎಂಬುದು ಹೊಳೆದಿರಲಿಕ್ಕಿಲ್ಲ. ಹೊಗೆಯ ಹಿಂದೆ ಯಾರಿದ್ದಾರೆಂದು ಕೇಳದೆ ಉಣ್ಣುವವರ ನಡುವೆಯೇ ಬಾಳಿದ ನಮಗಾದರೂ ಅದು ಹೊಳೆಯಬೇಕು.

ಇದೆಲ್ಲ ಪರದೇಶದ ಮಾತು ಎಂದು ಕೈತೊಳೆದುಕೊಳ್ಳುವಂತಿಲ್ಲ. 2016ರ ನವೆಂಬರಿನಲ್ಲಿ ಬೆಂಗಳೂರಿನ ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಎಂಬ ಕನ್ನಡ ಸಿನಿಮಾಕ್ಕೆ ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ಅನಿಲ್ ಮತ್ತು ಉದಯ್ ಎಂಬ ಇಬ್ಬರು ನಟರು ಮುಳುಗಿ ಸತ್ತರು. ಈಜು ಅಷ್ಟಾಗಿ ಬಾರದೆಂದು ಜಿಗಿಯುವ ಮೊದಲು ಹೇಳಿಕೊಂಡದ್ದನ್ನು ಆಮೇಲೆ ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದರು. ಅದು ಯುದ್ಧದ ಸಿನಿಮಾ ಅಲ್ಲ, ಅಲ್ಲಿ ಹಳೆಯ ವಿಮಾನವೂ ಇರಲಿಲ್ಲ. ಆದರೆ ಮೇಲಿನಿಂದ ಕೆಳಕ್ಕೆ ಬೀಳುವ ದೇಹ ಅಸಲಿಯಾಗಿರಲಿ ಎಂಬ ಹಸಿವು ಅದೇ. ಅವರು ಬೀಳುವ ಆ ಚಿತ್ರವನ್ನು ನಮ್ಮ ಮನೆಗಳಲ್ಲಿ ಅಂದು ಸಂಜೆ ಎಷ್ಟು ಸಲ ನೋಡಿದೆವು! ಅಯ್ಯೋ ಪಾಪ ಎನ್ನುತ್ತಲೇ ನೋಡಿದೆವು.

ಮಾಡಿದವನು, ಮಾಡಿಸಿದವನು, ಹುರಿದುಂಬಿಸಿದವನು, ಒಪ್ಪಿ ತಲೆಯಾಡಿಸಿದವನು, ಈ ನಾಲ್ವರಿಗೂ ಪಾಪಪುಣ್ಯದಲ್ಲಿ ಸಮಪಾಲು ಎಂದು ಹಿರಿಯರು ಹೇಳುತ್ತಾರೆ. ಈ ಲೆಕ್ಕದಲ್ಲಿ ನಾನು ನಾಲ್ಕನೆಯವಳು. ಟಿಕೆಟ್ ಕೊಂಡು, ಚಪ್ಪಾಳೆ ತಟ್ಟಿ, ಪಕ್ಕದ ಮನೆಯವರಿಗೆ ನೀವೂ ನೋಡಿ ಎಂದು ಹೇಳಿಬರುವವಳು. ಸಮಪಾಲು ಎಂಬುದನ್ನು ನಾನು ಪೂರ್ತಿ ಒಪ್ಪಲಾರೆ. ವಿಮಾನದ ಬಾಗಿಲಲ್ಲಿ ಕೂರಿಸಿದವನಿಗೂ ಶಿರಸಿಯಲ್ಲಿ ಹೂಬತ್ತಿಯ ಪಕ್ಕ ಕೂತು ನೋಡಿದವಳಿಗೂ ಒಂದೇ ತಕ್ಕಡಿ ಹೇಗಾದೀತು? ಆದರೆ ಪಾಲೇ ಇಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ. ನಾನು ಕೇಳದಿದ್ದರೆ ಅವರು ಯಾಕೆ ಹಾರುತ್ತಿದ್ದರು?

ಹಾರುವವರು ಇದಕ್ಕೆ ಉತ್ತರ ಕೊಟ್ಟಾರು. ಯಾರೂ ತಳ್ಳಲಿಲ್ಲ, ಸ್ವಂತ ಖುಷಿಗೆ ಹಾರಿದೆವು ಎಂದಾರು. ಅದೂ ಸುಳ್ಳಲ್ಲ. 'ಬ್ಯಾಟಲ್ ಆಫ್ ಬ್ರಿಟನ್'ಗೆ ಟೆಕ್ಸಾಸ್‌ನಿಂದ ಬಂದು ಹಾರಿದ ಪೈಲಟ್ ಒಬ್ಬ ಸಂಬಳದ ಬದಲಿಗೆ ಹಳೆಯ ವಿಮಾನಗಳನ್ನೇ ಕೊಡಿ ಎಂದು ಕೇಳಿ ಪಡೆದುಕೊಂಡುಹೋದ. ಅಂಥ ಪ್ರೀತಿ ಇರುವವನನ್ನು ಕೂಲಿಯ ಆಸೆಗೆ ಬಲಿಯಾದವ ಎನ್ನಲಾದೀತೆ? ಆ ಚಿತ್ರದ ಸಲಹೆಗಾರರಾಗಿ ಇದ್ದವರಲ್ಲಿ ಬ್ರಿಟನ್ನಿನ ರಾಬರ್ಟ್ ಸ್ಟ್ಯಾನ್‌ಫರ್ಡ್ ಟಕ್ ಮತ್ತು ಜರ್ಮನಿಯ ಅಡಾಲ್ಫ್ ಗಾಲಂಡ್ ಇಬ್ಬರೂ ಯುದ್ಧದ ದೊಡ್ಡ ಹೆಸರುಗಳು. 1942ರಲ್ಲಿ ಟಕ್‌ನ ವಿಮಾನ ಫ್ರಾನ್ಸಿನಲ್ಲಿ ಉರುಳಿ ಆತ ಸೆರೆಸಿಕ್ಕಾಗ ಗಾಲಂಡ್ ಆತನನ್ನು ಊಟಕ್ಕೆ ಕರೆದಿದ್ದ. ಮುಂದೆ ಇಬ್ಬರೂ ಸ್ನೇಹಿತರಾದರು. ಗಾಲಂಡ್‌ನ ಮಗನಿಗೆ ಟಕ್ ಧರ್ಮಪಿತನೂ ಆದ. ಇಂಥವರಿಗೆ ಆ ಹಳೆಯ ಎಂಜಿನ್‌ಗಳ ಸದ್ದು ಕೇಳಿ ಏನೆನಿಸಿತೋ ಅದನ್ನು ನಾನು ಸಿರಿವಂತರ ಚಪಲ ಎಂದು ತಳ್ಳಿಹಾಕಲಾರೆ.

ನಮ್ಮ ಕಡೆಯ ಕೊನೆಗೌಡರ ವಿಷಯವನ್ನು ಇಲ್ಲಿ ಹೇಳಬೇಕು. ಅಡಿಕೆ ಕೊಯ್ಯುವವರು ಅವರು. ಸೊಂಟದಷ್ಟೂ ದಪ್ಪವಿಲ್ಲದ ಮರದ ತುದಿಗೆ ಹತ್ತಿ, ಮರವನ್ನೇ ಬಾಗಿಸಿ, ಅಲ್ಲಿಂದ ಪಕ್ಕದ ಮರಕ್ಕೆ ದಾಟುತ್ತಾರೆ. ಕೆಳಗೆ ನಿಂತು ನೋಡಿದರೆ ನಮ್ಮ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬಿದ್ದು ಸತ್ತವರಿದ್ದಾರೆ, ಬೆನ್ನು ಮುರಿದು ಹಾಸಿಗೆ ಹಿಡಿದವರಿದ್ದಾರೆ. ಅವರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಊಟದ ಮೇಲೆ ನಾವು ಹಾಕುವ ಒಂದು ಹೋಳು ಅಡಿಕೆ ಜೀವನಾವಶ್ಯಕ ವಸ್ತುವೂ ಅಲ್ಲ. ಅದೂ ಒಂದು ಚಪಲವೇ. ಹಾಗಿರುವಾಗ ಸಿನಿಮಾದವರನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವೇ ಎಂದು ಬಹಳ ದಿನ ಯೋಚಿಸಿದೆ.

ಆದರೆ ಒಂದು ವ್ಯತ್ಯಾಸ ಕಾಣುತ್ತದೆ. ಈಗೀಗ ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ತೋಟದವರು ಸಾಲ ಮಾಡಿಯಾದರೂ ಕೊಳ್ಳುತ್ತಿದ್ದಾರೆ. ದೋಟಿಯಲ್ಲಿ ಕೊಯ್ದ ಅಡಿಕೆ ನಕಲಿ, ಮರ ಹತ್ತಿ ಕೊಯ್ದದ್ದೇ ರುಚಿ ಎಂದು ಒಬ್ಬರೂ ಹೇಳಿದ್ದು ಕೇಳಿಲ್ಲ. ಅಲ್ಲಿ ನಮಗೆ ಬೇಕಾದದ್ದು ಅಡಿಕೆ, ಹತ್ತುವವನ ಅಪಾಯ ಅದರ ಜೊತೆ ಬಂದ ಅನಿಷ್ಟ. ಸಿನಿಮಾದಲ್ಲಿ ನಾವು ಸವಿಯುವುದು ಆ ಅಪಾಯವನ್ನೇ. ಈಗ ಕಂಪ್ಯೂಟರಿನಲ್ಲಿ ಎಷ್ಟು ವಿಮಾನ ಬೇಕಾದರೂ ಹಾರಿಸಬಹುದು, ಯಾರ ಕೂದಲೂ ಕೊಂಕುವುದಿಲ್ಲ. ನಾವೋ ಮುಖ ಸಿಂಡರಿಸಿ "ಗ್ರಾಫಿಕ್ಸು" ಎನ್ನುತ್ತೇವೆ. 2017ರ 'ಡನ್‌ಕರ್ಕ್' ಸಿನಿಮಾದವರು ಆದಷ್ಟು ಕಂಪ್ಯೂಟರ್ ಬಿಟ್ಟು ನಿಜವಾದ ಸ್ಪಿಟ್‌ಫೈರ್‌ಗಳನ್ನು ಹಾರಿಸಿದರು. ಅದನ್ನೇ ಎಲ್ಲರೂ ಕೊಂಡಾಡಿದರು. ನಾನೂ ಕೊಂಡಾಡಿದೆ. ಅದೇ ಸಿನಿಮಾದಲ್ಲಿ ದೂರದ ಮರಳಿನ ಮೇಲೆ ನಿಂತ ಸೈನಿಕರಲ್ಲಿ ಅನೇಕರು ರಟ್ಟಿನಲ್ಲಿ ಕತ್ತರಿಸಿದ ಬೊಂಬೆಗಳು. ವಿಮಾನ ಅಸಲಿ, ಮನುಷ್ಯ ರಟ್ಟು. ನಗಬೇಕೋ ಅಳಬೇಕೋ ತಿಳಿಯದು. ಆದರೂ ಇದು ಮೇಲು, ರಟ್ಟಿನವನಿಗೆ ಮನೆಯಲ್ಲಿ ಕಾಯುವವರಿಲ್ಲ.

ಗೆರೆ ಎಲ್ಲಿ ಎಳೆಯಬೇಕು ಎಂದು ನನ್ನನ್ನು ಕೇಳಿದರೆ, "ಇನ್ನೊಂದು ಸಲ" ಎಂಬ ಮಾತಿನ ಹತ್ತಿರ ಎಳೆಯುತ್ತೇನೆ. ಪಾಲ್ ಮ್ಯಾಂಟ್ಸ್ ಎಂಬುವನು ಹಾಲಿವುಡ್ಡಿನಲ್ಲಿ ದಶಕಗಟ್ಟಲೆ ಸಿನಿಮಾಗಳಿಗೆ ಹಾರಿದ ಪೈಲಟ್. 1965ರ ಜುಲೈಯಲ್ಲಿ ಅರಿಜೋನಾದ ಮರುಭೂಮಿಯಲ್ಲಿ 'ದಿ ಫ್ಲೈಟ್ ಆಫ್ ದಿ ಫೀನಿಕ್ಸ್' ಎಂಬ ಸಿನಿಮಾಕ್ಕೆ, ಚೂರುಚೂರು ಕೂಡಿಸಿ ಕಟ್ಟಿದ ವಿಮಾನವೊಂದನ್ನು ನೆಲಕ್ಕೆ ತಾಗಿಸಿ ಮೇಲಕ್ಕೆ ಎತ್ತಬೇಕಿತ್ತು. ಮೊದಲ ಸಲ ಸರಿಯಾಗಿಯೇ ಬಂದಿತ್ತು. ಎದುರಿಗೆ ಇರಲಿ ಎಂದು ಇನ್ನೊಂದು ಸಲ ತೆಗೆದರು. ವಿಮಾನ ಮುರಿಯಿತು, ಮ್ಯಾಂಟ್ಸ್ ಸತ್ತ. ನಮ್ಮ ಮದುವೆ ಮನೆಗಳಲ್ಲಿ ವಿಡಿಯೋದವನು "ತಾಳಿ ಕಟ್ಟಿದ್ದು ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಕೈ ಎತ್ತಿ ಸಾರ್" ಎಂದಾಗ ಪುರೋಹಿತರೂ ಸುಮ್ಮನಿರುತ್ತಾರೆ, ಮದುಮಗ ನಾಚಿಕೊಂಡು ಕೈ ಎತ್ತುತ್ತಾನೆ. ಅಲ್ಲಿ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಆದರೆ ನಡೆದದ್ದಕ್ಕಿಂತ ಅದರ ಚಿತ್ರ ದೊಡ್ಡದಾಗುವುದು ಅಲ್ಲಿಂದಲೇ ಶುರು. ಮೊದಲ ಸಲದ ಹಾರಾಟ ಒಂದು ಕೆಲಸ. ಇನ್ನೊಂದು ಸಲ ಎನ್ನುವಾಗ ಒಳಗಿರುವವನು ಮನುಷ್ಯ ಎಂಬುದು ಮರೆತುಹೋಗಿರುತ್ತದೆ.

ನೆನಪನ್ನು ಉಳಿಸಲು ಹೊರಟ ಸಿನಿಮಾ ನೆನಪಿನ ವಸ್ತುವನ್ನೇ ಸುಡಬಹುದು, ಅದೂ ನಡೆದಿದೆ. ಡಕ್ಸ್‌ಫರ್ಡ್ ಎಂಬುದು ಯುದ್ಧದಲ್ಲಿ ನಿಜವಾಗಿ ಬಳಕೆಯಾದ ವಿಮಾನ ನಿಲ್ದಾಣ. ಮೊದಲ ಮಹಾಯುದ್ಧದ ಕಾಲಕ್ಕೆ ಕಟ್ಟಿದ ವಿಮಾನದ ಕೊಟ್ಟಿಗೆಗಳು ಅಲ್ಲಿದ್ದವು. 1968ರಲ್ಲಿ ಜರ್ಮನರ ಬಾಂಬ್ ದಾಳಿಯ ದೃಶ್ಯಕ್ಕಾಗಿ ಅವುಗಳಲ್ಲಿ ಒಂದನ್ನು ನಿಜವಾಗಿಯೇ ಸಿಡಿಸಿದರು. ಮುಂದೆ ಆ ಜಾಗ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಭಾಗವಾಯಿತು, ಹಳೆಯ ವಿಮಾನ ನೋಡಲು ಜನ ಅಲ್ಲಿಗೇ ಹೋಗುತ್ತಾರೆ. ಉಳಿದ ಕೊಟ್ಟಿಗೆಗಳನ್ನು ಕಾನೂನಿನ ರಕ್ಷಣೆಯಲ್ಲಿ ಇಟ್ಟಿದ್ದಾರೆ. ಹಿಟ್ಲರನ ವಿಮಾನಗಳಿಂದ ಉಳಿದ ಕಟ್ಟಡ ಕ್ಯಾಮೆರಾದಿಂದ ಉಳಿಯಲಿಲ್ಲ.

ಸಿನಿಮಾದ ಕೊನೆಯ ಹೊತ್ತಿಗೆ ಒಂದು ದೊಡ್ಡ ಕಾಳಗವಿದೆ. ಅಲ್ಲಿ ಇದ್ದಕ್ಕಿದ್ದಂತೆ ಎಂಜಿನ್‌ಗಳ ಸದ್ದು, ಗುಂಡಿನ ಸದ್ದು, ರೇಡಿಯೋದ ಕೂಗು ಎಲ್ಲ ಅಡಗುತ್ತದೆ. ವಿಲಿಯಂ ವಾಲ್ಟನ್ ಎಂಬ ಹಿರಿಯ ಸಂಗೀತಗಾರ ರಚಿಸಿದ ವಾದ್ಯಗೋಷ್ಠಿಯೊಂದೇ ಕೇಳುತ್ತದೆ. ಆತ ಇಡೀ ಚಿತ್ರಕ್ಕೆ ಮಾಡಿದ್ದ ಸಂಗೀತವನ್ನು ಕೈಬಿಟ್ಟು ಬೇರೆಯವರಿಂದ ಮಾಡಿಸಿದರು, ಉಳಿದದ್ದು ಮುಖ್ಯವಾಗಿ ಇದೊಂದು ಭಾಗ. ವಿಮಾನಗಳು ಬಿಳಿಯ ಗೆರೆ ಎಳೆಯುತ್ತ ಸುತ್ತುತ್ತವೆ, ಉರಿಯುತ್ತವೆ, ತೇಲಿ ಇಳಿಯುತ್ತವೆ. ಸುಂದರವಾಗಿದೆ. ಸುಳ್ಳು ಹೇಳಲಾರೆ, ನನ್ನ ಮೈ ಜುಮ್ಮೆಂದಿತು. ನಮ್ಮ ಆಟದಲ್ಲೂ ಯುದ್ಧ ಕುಣಿತವಾಗುತ್ತದೆ, ಅಲ್ಲಿ ಕುಣಿಯುವವನ ಮುಖ ಮಾರು ದೂರದಲ್ಲಿ ಬೆವರುತ್ತಿರುತ್ತದೆ. ಇಲ್ಲಿ ಮುಖವೇ ಇಲ್ಲ, ಕುಣಿಯುವುದು ಲೋಹ. 1940ರ ಆ ನಾಲ್ಕು ತಿಂಗಳಲ್ಲಿ ಬ್ರಿಟನ್ನಿನ ಪಕ್ಷದಲ್ಲಿ ಹಾರಿದವರು ಸುಮಾರು ಮೂರು ಸಾವಿರ, ಸತ್ತವರು 544. ಜರ್ಮನರ ಕಡೆ ಸತ್ತವರು ಅದಕ್ಕಿಂತ ಬಹಳ ಹೆಚ್ಚು. ಇಪ್ಪತ್ತು, ಇಪ್ಪತ್ತೆರಡು ವಯಸ್ಸಿನವರು. ಅವರ ಕೂಗನ್ನು ತೆಗೆದರೆ ಮಾತ್ರ ಅದು ಅಷ್ಟು ಸುಂದರ.

ಇದೇ ಸಿನಿಮಾದಲ್ಲಿ ಇನ್ನೊಂದು ದೃಶ್ಯವಿದೆ, ಬಹಳ ಚಿಕ್ಕದು. ವಾಯುಪಡೆಯ ಮಹಿಳಾ ದಳದ ಮ್ಯಾಗಿ ಎಂಬ ಅಧಿಕಾರಿಯ ಪಾತ್ರದಲ್ಲಿ ಸುಸಾನಾ ಯಾರ್ಕ್ ನಟಿಸಿದ್ದಾಳೆ. ಅವಳ ಗಂಡ ಪೈಲಟ್. ಅವಳ ಎದುರಿಗೆ ಒಬ್ಬ ಅಧಿಕಾರಿ ಬಂದು ನಿಲ್ಲುತ್ತಾನೆ. ಅವನ ಮುಖ ಸುಟ್ಟುಹೋಗಿದೆ. ಅವಳಿಗೆ ಒಂದು ಕ್ಷಣ ಮಾತು ಹೊರಡುವುದಿಲ್ಲ. ನೋಡುವ ನಮಗೂ ಹೊರಡುವುದಿಲ್ಲ. ಮೇಕಪ್ ಎಂದುಕೊಂಡಿದ್ದೆ. ಮೇಕಪ್ ಅಲ್ಲ. ಆ ಪಾತ್ರ ಮಾಡಿದವನು ಬಿಲ್ ಫಾಕ್ಸ್‌ಲಿ, ಯುದ್ಧಕಾಲದಲ್ಲಿ ಬಾಂಬರ್ ವಿಮಾನದಲ್ಲಿ ದಾರಿ ತೋರಿಸುವ ನ್ಯಾವಿಗೇಟರ್ ಆಗಿದ್ದವನು. 1944ರಲ್ಲಿ ಅವನ ವಿಮಾನ ಬಿದ್ದು ಹೊತ್ತಿಕೊಂಡಿತು. ಅವನು ಹೆಚ್ಚಿನ ಗಾಯವಿಲ್ಲದೆ 'ಹೊರಗೆ ಬಂದಾಗಿತ್ತು'. ಒಳಗೆ ಸಿಕ್ಕಿಕೊಂಡ ಜೊತೆಗಾರ ಕೂಗಿದ್ದು ಕೇಳಿ ಮತ್ತೆ ಬೆಂಕಿಯೊಳಕ್ಕೆ ಹೋದ. ಜೊತೆಗಾರ ಬದುಕಲಿಲ್ಲ. ಇವನ ಮುಖ, ಕೈಗಳು ಸುಟ್ಟವು, ಒಂದು ಕಣ್ಣು ಹೋಯಿತು. ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಊರಿನ ಆಸ್ಪತ್ರೆಯಲ್ಲಿ ಆರ್ಚಿಬಾಲ್ಡ್ ಮ್ಯಾಕಿಂಡೋ ಎಂಬ ವೈದ್ಯ ಇಂಥವರ ಚರ್ಮವನ್ನು ಒಂದೆಡೆಯಿಂದ ತೆಗೆದು ಇನ್ನೊಂದೆಡೆ ಹಚ್ಚಿ ಮುಖ ಕಟ್ಟಿಕೊಡುತ್ತಿದ್ದ. ಅಲ್ಲಿ ಚಿಕಿತ್ಸೆ ಪಡೆದವರು ತಮಗೆ ತಾವೇ ಗಿನಿಪಿಗ್‌ಗಳೆಂದು ಹೆಸರಿಟ್ಟುಕೊಂಡು 1941ರಲ್ಲಿ ಒಂದು ಸಂಘ ಕಟ್ಟಿದ್ದರು. ಯುದ್ಧ ಮುಗಿಯುವಾಗ ಅದರ ಸದಸ್ಯರು ಆರುನೂರು ದಾಟಿದ್ದರು. ಫಾಕ್ಸ್‌ಲಿಯೂ ಅವರಲ್ಲೊಬ್ಬ. 2010ರವರೆಗೆ ಬದುಕಿದ್ದ.

ಆ ದೃಶ್ಯಕ್ಕೆ ಮೋಡ ಕಾಯಬೇಕಿರಲಿಲ್ಲ, ಸ್ಪೇನಿನಿಂದ ಏನನ್ನೂ ತರಿಸಬೇಕಿರಲಿಲ್ಲ. ಅವನು ಒಳಗೆ ನಡೆದು ಬಂದ, ನಾಲ್ಕು ಮಾತು ಆಡಿದ. ಕ್ಯಾಮೆರಾದ ಮುಂದೆ ಆ ಮುಖ ಹೊತ್ತು ನಿಲ್ಲಲು ಅವನು ಹೇಗೆ ಒಪ್ಪಿದನೋ. ಇಡೀ ಸಿನಿಮಾದಲ್ಲಿ ನಾನು ಕಣ್ಣು ಬೇರೆಡೆ ಹೊರಳಿಸಿದ್ದು ಅಲ್ಲೊಂದೇ ಕಡೆ.